ಮೈದಾನದ ಬೀಗ ಯಾರ ಕೈಯಲ್ಲಿದೆ?

ನಮ್ಮ ಪಟ್ಟಣಗಳ ಯಾವ ವೈದ್ಯರ ಕೋಣೆಯಲ್ಲಿ ಕುಳಿತರೂ ಒಂದು ಮಾತುಕತೆ ಕಿವಿಗೆ ಬೀಳುತ್ತದೆ. ನಲ್ವತ್ತೈದು ದಾಟಿದ ಗೃಹಿಣಿಯೊಬ್ಬರು ಪತಿಯೊಂದಿಗೆ ಬಂದಿರುತ್ತಾರೆ. ಇಬ್ಬರಿಗೂ ಸಕ್ಕರೆ ಕಾಯಿಲೆ. ವೈದ್ಯರು ಇಬ್ಬರಿಗೂ ಮಾತ್ರೆ ಬರೆದುಕೊಟ್ಟು, ದಿನಕ್ಕೆ ಅರ್ಧ ಗಂಟೆ ನಡೆಯಬೇಕೆಂದು ಇಬ್ಬರಿಗೂ ಹೇಳುತ್ತಾರೆ. ಪತಿ ಮರುದಿನದಿಂದಲೇ ಫಜ್ರ್ ನಮಾಝ್ ಮುಗಿಸಿ, ಮಸೀದಿಯಿಂದ ನೇರವಾಗಿ ರಸ್ತೆಗಿಳಿದು ಎರಡು ಮೈಲಿ ನಡೆದು ಬರುತ್ತಾರೆ. ಪತ್ನಿ ಅಡುಗೆ ಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ತಾರಸಿಗೆ ನಡೆಯುತ್ತಾರೆ. ಮುಂದಿನ ತಿಂಗಳು ಅದೇ ವೈದ್ಯರು, "ನಡೆಯುತ್ತಿದ್ದೀರಾ?" ಎಂದು ಕೇಳಿದಾಗ ಆಕೆಯ ಉತ್ತರ ಒಂದೇ: "ಎಲ್ಲಿ ನಡೆಯಲಿ ಡಾಕ್ಟ್ರೇ?"

ಈ ಪ್ರಶ್ನೆಯನ್ನು ಆಕೆ ವೈದ್ಯರಿಗೆ ಕೇಳುತ್ತಾಳೆ. ವಾಸ್ತವದಲ್ಲಿ ಅದು ನಮಗೆ ಕೇಳಿದ ಪ್ರಶ್ನೆ. ಪತಿಗೆ, ಅತ್ತೆಗೆ, ಮೊಹಲ್ಲಾದ ಹಿರಿಯರಿಗೆ, ಜಮಾಅತ್ ಕಮಿಟಿಗೆ ಮತ್ತು ನಾವು ಮತ ಹಾಕಿ ಆರಿಸಿದ ನಗರಸಭೆಯ ಸದಸ್ಯರಿಗೆ ಕೇಳಿದ ಪ್ರಶ್ನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ವಾರಕ್ಕೆ ಕನಿಷ್ಠ 150 ನಿಮಿಷಗಳಾದರೂ ವಯಸ್ಕರು ಮೈಗೆ ಶ್ರಮ ಕೊಡಬೇಕು, ಮಕ್ಕಳು ಮತ್ತು ಹದಿಹರೆಯದವರು ದಿನಕ್ಕೆ ಸರಾಸರಿ 60 ನಿಮಿಷ ಆಡಬೇಕು, ಓಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆ. ಈ 60 ನಿಮಿಷಗಳನ್ನು ನಮ್ಮ ಮೊಹಲ್ಲಾದ ಎಷ್ಟು ಮಕ್ಕಳು ಕಾಣುತ್ತಿದ್ದಾರೆ? ಆ 150 ನಿಮಿಷಗಳನ್ನು ನಮ್ಮ ಎಷ್ಟು ತಾಯಂದಿರು ಕಂಡಿದ್ದಾರೆ? ಮದುವೆಯ ಊಟಕ್ಕೆ ಲಕ್ಷಗಟ್ಟಲೆ ವ್ಯಯಿಸುವ ನಾವು ಆ ಊಟ ಕರಗುವ ದಾರಿಯ ಕುರಿತು ಒಂದು ಕ್ಷಣವಾದರೂ ಆಲೋಚಿಸಿದ್ದೇವೆಯೇ?

ಅರಸೀಕೆರೆ, ಬೇಲೂರು, ಹಳೇಬೀಡಿನ ಸೀಮೆಯಲ್ಲಿ ಬದುಕುವವರು ಜಾಗವಿಲ್ಲವೆಂದು ಹೇಳಿದರೆ ಅದು ನಿಜವಾಗಲಾರದು. ಕೆರೆಯ ಹೆಸರನ್ನೇ ಹೊತ್ತ ಊರು ಅರಸೀಕೆರೆ. ಅದರ ಸುತ್ತ ಬಯಲುಸೀಮೆಯ ತೆಂಗಿನ ತೋಟಗಳು, ಹಿರೇಕಲ್ ಗುಡ್ಡ, ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಮಾಲೇಕಲ್ ಬೆಟ್ಟಗಳಿವೆ. ಹಳೇಬೀಡಿನಲ್ಲಿ ದ್ವಾರಸಮುದ್ರದ ಕೆರೆ ಹೊಯ್ಸಳರ ರಾಜಧಾನಿಗಿಂತಲೂ ಹಳೆಯದು. ಅಲ್ಲಿಂದ ಬೇಲೂರಿಗೆ ಕೇವಲ 16 ಕಿಲೋಮೀಟರ್. ಬೇಲೂರಿನ ಸಮೀಪ ಯಗಚಿ ಜಲಾಶಯವಿದೆ. ಅದರ ಹಿನ್ನೀರಿನಲ್ಲಿ ದೋಣಿ, ಕಯಾಕ್ ಮುಂತಾದ ಜಲಸಾಹಸ ಕ್ರೀಡೆಗಳ ಕೇಂದ್ರವೊಂದು ರೂಪುಗೊಂಡಿದೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನಿಂದ, ಜರ್ಮನಿಯಿಂದ ಜನರು ವಿಮಾನವೇರಿ ಬಂದು ಈ ಕೆರೆಯ ದಂಡೆಯಲ್ಲಿ ನಿಂತು ಗಾಳಿ ಸೇವಿಸುತ್ತಾರೆ. ಒಂದು ಗಂಟೆಯ ಬಸ್ ಪ್ರಯಾಣದ ದೂರದಲ್ಲಿರುವ ನಮ್ಮ ಕುಟುಂಬಗಳು ಎಷ್ಟು ಬಾರಿ ಹೋಗಿವೆ? ನಾವು ಮನೆಯಿಂದ ಹೊರಡುವುದು ಮದುವೆಗೆ, ಮರಣಕ್ಕೆ, ಹಾಸನದ ಆಸ್ಪತ್ರೆಗೆ, ಹೆಚ್ಚೆಂದರೆ ಜಾವಗಲ್‌ನ ದರ್ಗಾಕ್ಕೆ. ಬರೀ ಗಾಳಿಗಾಗಿ, ನಡಿಗೆಗಾಗಿ, ಮಕ್ಕಳ ಸಂತೋಷಕ್ಕಾಗಿ ಹೊರಡುವುದು ನಮಗೆ ಅಭ್ಯಾಸವೇ ಆಗಿಲ್ಲ.

ಹಣವಿಲ್ಲವೆಂಬ ನೆಪವೂ ಈಗ ಹಿಂದಿನಷ್ಟು ಬಲವಾಗಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಲ್ಲರು. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಟು, ಕೆರೆಯ ದಂಡೆಯಲ್ಲಿ ಮಕ್ಕಳನ್ನು ಓಡಲು ಬಿಟ್ಟು, ಅಸ್ರ್ ಹೊತ್ತಿಗೆ ಮರಳಬಹುದು. ಬಸ್ಸಿನ ಬಾಗಿಲು ತೆರೆದಿದೆ. ಮನೆಯ ಬಾಗಿಲು ತೆರೆದಿದೆಯೇ?

ಕ್ರೀಡೆಯ ಮಾತು ಬಂದಾಗಲೆಲ್ಲ ನಮ್ಮ ಕಡೆಯವರು ಎರಡು ಹೆಸರುಗಳನ್ನು ಹೆಮ್ಮೆಯಿಂದ ನೆನೆಯುತ್ತಾರೆ. ಟೆಸ್ಟ್ ಕ್ರಿಕೆಟ್‌ನಲ್ಲಿ 236 ವಿಕೆಟ್ ಪಡೆದ ಜಾವಗಲ್ ಶ್ರೀನಾಥ್ ಜನಿಸಿದ್ದು ಮೈಸೂರಿನಲ್ಲಾದರೂ ಅವರ ಹೆಸರಿನ ಮುಂದಿರುವ ಊರು ಅರಸೀಕೆರೆ ತಾಲೂಕಿನದು. 1996ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್‌ಗೆ ಗಾಯಾಳು ಶ್ರೀನಾಥ್‌ರ ಬದಲಿಗೆ ತಂಡಕ್ಕೆ ಬಂದ ವೇಗಿ ಡೇವಿಡ್ ಜಾನ್ಸನ್ ಅರಸೀಕೆರೆಯಲ್ಲೇ ಜನಿಸಿದವರು. ಎರಡು ಟೆಸ್ಟ್ ಆಡಿ ಮೂರು ವಿಕೆಟ್ ಪಡೆದ ಅವರು 2024ರ ಜೂನ್‌ನಲ್ಲಿ ನಿಧನರಾದರು. ಒಂದೇ ತಾಲೂಕಿನ ನಂಟಿರುವ ಇಬ್ಬರು ವೇಗದ ಬೌಲರುಗಳು ದೇಶದ ಅಂಗಿ ತೊಟ್ಟದ್ದು ಸಣ್ಣ ಸಂಗತಿಯಲ್ಲ.

ಆದರೆ ಈ ಹೆಮ್ಮೆಯೇ ಕೆಲವೊಮ್ಮೆ ನಮ್ಮ ದಾರಿ ತಪ್ಪಿಸುತ್ತದೆ. ಕ್ರೀಡೆಯೆಂದರೆ ಚಾಂಪಿಯನ್ ಆಗುವ ದಾರಿ, ಪ್ರತಿಭೆಯಿಲ್ಲದವರಿಗೆ ಅದು ಕಾಲಹರಣ ಎಂದು ನಾವು ಭಾವಿಸಿದ್ದೇವೆ. ನಮ್ಮ ಯುವಕರು ಹೊನಲು ಬೆಳಕಿನಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ ಏರ್ಪಡಿಸುತ್ತಾರೆ. ನಗದು ಬಹುಮಾನ, ಧ್ವನಿವರ್ಧಕ, ನಾಯಕರ ಚಿತ್ರವಿರುವ ಫ್ಲೆಕ್ಸ್, ಏನೂ ಕಡಿಮೆಯಿಲ್ಲ. ಆಡುವವರು ಮಾತ್ರ ಇಪ್ಪತ್ತೆರಡು ಜನ. ಉಳಿದ ಐನೂರು ಮಂದಿ ಕುಳಿತು ನೋಡುತ್ತಾರೆ. ಆ ಐನೂರರಲ್ಲಿ ಹೆಣ್ಣುಮಕ್ಕಳು ಇರುವುದೇ ಇಲ್ಲ. ಇದು ಸಮುದಾಯದ ಆರೋಗ್ಯವಲ್ಲ, ಒಂದು ರಾತ್ರಿಯ ಮನರಂಜನೆ. ನಮಗೆ ಮೊದಲು ಬೇಕಾಗಿರುವುದು ಹತ್ತು ಮಂದಿ ಚಾಂಪಿಯನ್ನರಲ್ಲ. ದಿನವೂ ಬೆವರು ಹರಿಸುವ ಸಾವಿರ ಮಂದಿ ಸಾಮಾನ್ಯರು.

ಗಂಡುಮಕ್ಕಳ ಸ್ಥಿತಿಯೂ ಸಮಾಧಾನ ತರುವಂಥದ್ದಲ್ಲ. ಓಣಿಯಲ್ಲಿ ಆಡಿದರೆ ಗಾಜು ಒಡೆಯುತ್ತದೆಂದು ಗದರುತ್ತೇವೆ, ಶಾಲೆಯ ಅಂಗಳಕ್ಕೆ ನಾಲ್ಕೂವರೆಗೆ ಗೇಟು ಬೀಳುತ್ತದೆ, ಖಾಲಿ ನಿವೇಶನಗಳಲ್ಲಿ ಮನೆಗಳೆದ್ದಿವೆ. ಹುಡುಗ ಮೊಬೈಲ್ ಹಿಡಿದು ಮೂಲೆ ಸೇರುತ್ತಾನೆ. ಅಲ್ಲಿ ಆಟದ ಹೆಸರಿನಲ್ಲಿ ಜೂಜು ಅವನಿಗಾಗಿ ಕಾದಿರುತ್ತದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನು ಕೆಟ್ಟ ಆಟವನ್ನು ಕಿತ್ತುಕೊಳ್ಳಬಹುದು, ಒಳ್ಳೆಯ ಆಟವನ್ನು ಕೈಗಿಡುವ ಕೆಲಸ ಮಾತ್ರ ನಮ್ಮದೇ. ಇನ್ನೊಂದು ದುಃಖದ ಸಂಗತಿಯಿದೆ. ಈಜು ಬಾರದ ಹುಡುಗರು ಕೆರೆ, ಕಟ್ಟೆ, ಕೃಷಿಹೊಂಡಗಳಿಗಿಳಿದು ಜೀವ ಕಳಕೊಳ್ಳುವ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಇನ್ನಾಲಿಲ್ಲಾಹ್ ಎಂದು ಪತ್ರಿಕೆ ಮಡಚುತ್ತೇವೆ. ಕೆರೆಗಳ ನಾಡಿನಲ್ಲಿ ಮಕ್ಕಳಿಗೆ ಈಜು ಕಲಿಸದಿರುವುದು ಅಜಾಗ್ರತೆಯಲ್ಲದೆ ಮತ್ತೇನು? ತರಬೇತುದಾರರ ಕಣ್ಣೆದುರಿನಲ್ಲಿ, ಜೀವರಕ್ಷಕ ಜಾಕೆಟ್ ತೊಟ್ಟು ನೀರಿಗಿಳಿಯುವ ಪಾಠವನ್ನು ರಜೆಯ ಒಂದು ವಾರದಲ್ಲಾದರೂ ಕೊಡಿಸಲು ನಮಗೆ ಸಾಧ್ಯವಿಲ್ಲವೇ?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮೌನವೇ ನಮ್ಮ ನೀತಿಯಾಗಿದೆ. ಹತ್ತು ವರ್ಷದವರೆಗೆ ಅಣ್ಣನ ಜೊತೆ ಚೆಂಡು ಹಿಡಿಯುವ ಹುಡುಗಿ, ಹನ್ನೆರಡಕ್ಕೆ ಬರುವಾಗ ಕಿಟಕಿಯ ಒಳಗಿನಿಂದ ಆಟ ನೋಡುತ್ತಾಳೆ. ಯಾರೂ ಆಕೆಗೆ ಆಡಬೇಡವೆಂದು ಹೇಳಿರುವುದಿಲ್ಲ. ಆಡು ಎಂದೂ ಯಾರೂ ಹೇಳುವುದಿಲ್ಲ, ಅಷ್ಟೇ. ತೆಲಂಗಾಣದ ನಿಝಾಮಾಬಾದ್‌ನ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲೂ 2023ರಲ್ಲಿ ದಿಲ್ಲಿಯಲ್ಲೂ ವಿಶ್ವ ಬಾಕ್ಸಿಂಗ್ ಕಿರೀಟ ಗೆದ್ದಾಗ ನಾವೆಲ್ಲ ಮೊಬೈಲ್‌ಗಳಲ್ಲಿ ಆ ಚಿತ್ರ ಹಂಚಿಕೊಂಡೆವು. ಆಕೆ ಮಹಾನಗರದ ಹುಡುಗಿಯಲ್ಲ. ಆಕೆಯ ತಂದೆ ಮಗಳನ್ನು ಕೈಹಿಡಿದು ಮೈದಾನಕ್ಕೆ ಕರೆದೊಯ್ದರು. ಆ ಚಿತ್ರ ಹಂಚಿದ ನಮ್ಮಲ್ಲಿ ಎಷ್ಟು ತಂದೆಯರು ಮರುದಿನ ತಮ್ಮ ಮಗಳ ಕೈ ಹಿಡಿದರು?

ಉಡುಪಿನ ನೆಪವನ್ನೂ ಇನ್ನು ಹೇಳುವಂತಿಲ್ಲ. ತಲೆವಸ್ತ್ರ ಧರಿಸಿ ಆಡಲು ಫುಟ್ಬಾಲ್ 2014ರಲ್ಲಿ, ಬಾಸ್ಕೆಟ್‌ಬಾಲ್ 2017ರಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿ ಅವಕಾಶ ನೀಡಿದವು. ನಡಿಗೆಗಂತೂ ಯಾವ ಉಡುಪೂ ಅಡ್ಡಿಯಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ತರಗತಿಯ ಹೊರಗೆ ನಿಲ್ಲಿಸಿದಾಗ ನಾವು ನೊಂದೆವು, ಪ್ರಶ್ನಿಸಿದೆವು, ನ್ಯಾಯಾಲಯದ ಮೆಟ್ಟಿಲೇರಿದೆವು. ತಲೆವಸ್ತ್ರದ ಕಾರಣಕ್ಕೆ ಹುಡುಗಿಯೊಬ್ಬಳು ಶಾಲೆಯ ಹೊರಗುಳಿಯಬಾರದು ಎಂಬುದು ನಮ್ಮ ವಾದವಾಗಿತ್ತು. ಅದೇ ಹುಡುಗಿ ನಮ್ಮದೇ ಕಾರಣಕ್ಕೆ ಮೈದಾನದ ಹೊರಗುಳಿದಿದ್ದಾಳೆ. ಇತರರಲ್ಲಿ ನ್ಯಾಯ ಬೇಡುವವರು ಮನೆಯಲ್ಲಿ ಅದನ್ನು ನೀಡಿರಬೇಕು.

ಧರ್ಮವು ಇದಕ್ಕೆ ಒಪ್ಪುವುದಿಲ್ಲ ಎಂದು ಕೆಲವರು ಹೇಳಬಹುದು. ಯಾವ ಧರ್ಮ? ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದವರು ಸ್ವತಃ ಪ್ರವಾದಿ(ಸ). ಮೊದಲ ಸಲ ಆಯಿಶಾ(ರ) ಗೆದ್ದರು, ವರ್ಷಗಳ ಬಳಿಕ ಪ್ರವಾದಿ(ಸ) ಗೆದ್ದರು, ಆ ಹಳೆಯ ಸೋಲಿಗೆ ಇದು ಸಮವಾಯಿತೆಂದು ನಕ್ಕರು. ಈದ್‌ನ ದಿನ ಅಬಿಸೀನಿಯಾದವರು ಈಟಿಯ ಆಟ ಪ್ರದರ್ಶಿಸಿದ್ದು ಮದೀನಾದ ಮಸೀದಿಯಲ್ಲಿ. ಪ್ರವಾದಿ(ಸ)ರ ಭುಜದ ಹಿಂದೆ ನಿಂತು ತನಗೆ ಸಾಕೆನಿಸುವವರೆಗೆ ಅದನ್ನು ನೋಡಿದವರು ಆಯಿಶಾ(ರ). ಈದ್‌ನ ದಿನ ಸ್ತ್ರೀಯರೆಲ್ಲರೂ, ನಮಾಝ್ ನಿರ್ವಹಿಸಲಾಗದ ಸ್ಥಿತಿಯಲ್ಲಿರುವವರು ಕೂಡಾ, ಈದ್ಗಾಹ್‌ಗೆ ಬರಬೇಕೆಂದು ಪ್ರವಾದಿ(ಸ) ಆದೇಶಿಸಿದ್ದನ್ನು ಉಮ್ಮು ಅತಿಯ್ಯಾ(ರ) ವರದಿ ಮಾಡಿದ್ದಾರೆ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಕಲಿಸಿದ ಧರ್ಮ ನಮ್ಮದು. ನಾಲ್ಕು ಗೋಡೆಗಳ ಕೈದು ಧರ್ಮದಿಂದ ಬಂದುದಲ್ಲ. ಅದು ಅಭ್ಯಾಸದಿಂದ ಬಂತು, ಭಯದಿಂದ ಬಂತು, ಜನ ಏನೆಂದಾರು ಎಂಬ ಹಿಂಜರಿಕೆಯಿಂದ ಬಂತು.

ಈದ್ಗಾಹ್‌ನ ಪ್ರಸ್ತಾಪ ಬಂದುದರಿಂದ ಈ ಲೇಖನದ ಮುಖ್ಯ ಮಾತನ್ನು ಇಲ್ಲಿಯೇ ಹೇಳುತ್ತೇನೆ. ನಮ್ಮ ಬಹುತೇಕ ಪಟ್ಟಣಗಳಲ್ಲಿ ಸಮುದಾಯದ ಬಳಿ ಒಂದು ವಿಶಾಲವಾದ, ಸಮತಟ್ಟಾದ, ಆವರಣ ಗೋಡೆಯಿರುವ ಬಯಲಿದೆ. ವರ್ಷದಲ್ಲಿ ಎರಡು ಬೆಳಗ್ಗೆ ಅದರ ಗೇಟು ತೆರೆಯುತ್ತದೆ. ಉಳಿದ ಮುನ್ನೂರ ಅರುವತ್ತಕ್ಕೂ ಮಿಕ್ಕ ದಿನಗಳಲ್ಲಿ ಅಲ್ಲಿ ಪಾರ್ಥೇನಿಯಂ ಬೆಳೆಯುತ್ತದೆ, ಮೇಕೆಗಳು ಮೇಯುತ್ತವೆ, ಕತ್ತಲಾದ ಮೇಲೆ ಇಸ್ಪೀಟಿನವರೋ ಬಾಟಲಿಯವರೋ ಗೋಡೆ ಹಾರಿ ಬರುತ್ತಾರೆ. ಈದ್‌ಗೆ ಮೂರು ದಿನ ಮೊದಲು ಕಮಿಟಿಯವರು ಕೂಲಿ ಕೊಟ್ಟು ಮುಳ್ಳು ಕಡಿಸುತ್ತಾರೆ. ಅದೇ ಬಯಲನ್ನು ಪ್ರತಿದಿನ ಬೆಳಗ್ಗೆ ಒಂದು ಗಂಟೆ ಸ್ತ್ರೀಯರ ನಡಿಗೆಗೂ ಸಂಜೆ ಒಂದೂವರೆ ಗಂಟೆ ಮಕ್ಕಳ ಆಟಕ್ಕೂ ತೆರೆದರೆ ಏನು ಕೆಡುತ್ತದೆ? ಮಿಹ್ರಾಬ್‌ನ ಭಾಗಕ್ಕೆ ಪ್ರತ್ಯೇಕ ಬೇಲಿ ಇರಲಿ. ಸಂಗೀತ, ಗದ್ದಲ, ಬೈಗುಳಕ್ಕೆ ಅವಕಾಶ ಬೇಡ. ನಮಾಝ್‌ನ ಹೊತ್ತಿಗೆ ಆಟ ನಿಲ್ಲಲಿ. ಹಿರಿಯರಿಬ್ಬರು ಸರದಿಯಂತೆ ಕುರ್ಚಿ ಹಾಕಿ ಕುಳಿತಿರಲಿ. ಮುಳ್ಳು ಬೆಳೆಯುವ ಬಯಲಿಗಿಂತ ಮಕ್ಕಳು ಬೆಳೆಯುವ ಬಯಲು ಹೆಚ್ಚು ಪವಿತ್ರವಲ್ಲವೇ?

ಇದಕ್ಕೆ ಬರುವ ಆಕ್ಷೇಪವನ್ನು ನಾನು ಬಲ್ಲೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಬೆಂಗಳೂರಿನ ಚಾಮರಾಜಪೇಟೆಯ ಈದ್ಗಾಹ್ ಮೈದಾನದಲ್ಲಿ ವರ್ಷಗಳಿಂದ ಮಕ್ಕಳು ಆಡುತ್ತ ಬಂದಿದ್ದರು. 2022ರಲ್ಲಿ ಆ ಮೈದಾನದ ಒಡೆತನ ಮತ್ತು ಬಳಕೆಯ ವಿವಾದ ಭುಗಿಲೆದ್ದಾಗ, ಅದು ಆಟದ ಮೈದಾನ ತಾನೇ ಎಂಬ ವಾದವೂ ಮುಂದೆ ಬಂತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ತಲುಪಿ, ಆಗಸ್ಟ್ 30ರಂದು ಯಥಾಸ್ಥಿತಿ ಕಾಪಾಡುವಂತೆ ಆದೇಶವಾಯಿತು. ಮಕ್ಕಳನ್ನು ಬಿಟ್ಟರೆ ನಾಳೆ ಜಾಗವೇ ಕೈತಪ್ಪೀತು ಎಂದು ನಮ್ಮ ಹಿರಿಯರು ಹೆದರಿದರೆ ಅದಕ್ಕೆ ಕಾರಣವಿದೆ. ಆದರೆ ಜಾಗವನ್ನು ಕಾಪಾಡುವುದು ಬೀಗವಲ್ಲ, ದಾಖಲೆ. ಸರ್ವೆ ಮಾಡಿಸಿ, ವಕ್ಫ್ ನೋಂದಣಿ ಸರಿಪಡಿಸಿ, ಪಹಣಿ ಮತ್ತು ಖಾತೆಯನ್ನು ನೇರಗೊಳಿಸಿ, ಕಮಿಟಿಯ ನಿಯಮಗಳಂತೆ ಕಮಿಟಿಯ ಅನುಮತಿಯಿಂದ ಬಳಕೆ ಎಂಬ ಫಲಕವನ್ನು ಗೇಟಿಗೆ ತೂಗುಹಾಕಿ, ಬಳಿಕ ಗೇಟು ತೆರೆಯೋಣ. ವಕೀಲರೊಬ್ಬರ ಸಲಹೆ ಪಡೆದು ಠರಾವು ಬರೆದಿಡೋಣ. ಅನುಭವ ಹೇಳುವುದೇನೆಂದರೆ, ಒತ್ತುವರಿಗೆ ಮೊದಲು ಬಲಿಯಾಗುವುದು ಯಾರೂ ಕಾಲಿಡದ ಜಾಗ. ದಿನವೂ ನೂರು ಜನ ನಡೆಯುವ ಬಯಲಿಗೆ ನೂರು ಮಂದಿ ಕಾವಲುಗಾರರಿರುತ್ತಾರೆ.

ಇದರರ್ಥ ನಾವು ನಮ್ಮ ಗೋಡೆಯೊಳಗೇ ಉಳಿಯಬೇಕೆಂದಲ್ಲ. ಈದ್ಗಾಹ್ ಮೊದಲ ಹೆಜ್ಜೆ ಮಾತ್ರ. ಕೆರೆ, ಗುಡ್ಡ, ಉದ್ಯಾನಗಳು ಎಲ್ಲರವು, ಆದುದರಿಂದ ನಮ್ಮವೂ ಹೌದು. ಇಲ್ಲಿ ಇನ್ನೊಂದು ಮುಜುಗರವನ್ನೂ ಬಿಚ್ಚಿ ಮಾತನಾಡಬೇಕಾಗಿದೆ. ಹಳೇಬೀಡಿಗೆ ಪ್ರವಾಸ ಹೋದಾಗ 1311ರ ಮಲಿಕ್ ಕಾಫೂರನ ದಾಳಿಯ ಕಥೆ ಬಂದೊಡನೆ ಸಹಪಾಠಿಗಳ ದೃಷ್ಟಿ ತನ್ನತ್ತ ತಿರುಗೀತೆಂದು ಅಳುಕುವ ಮುಸ್ಲಿಮ್ ಬಾಲಕರಿದ್ದಾರೆ. ಏಳು ಶತಮಾನಗಳ ಹಿಂದೆ ದಿಲ್ಲಿಯ ಸುಲ್ತಾನನೊಬ್ಬ ಕಳಿಸಿದ ಸೈನ್ಯದ ಲೆಕ್ಕವನ್ನು ಅರಸೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿಯ ಮಗ ಒಪ್ಪಿಸಬೇಕಾಗಿಲ್ಲ. ಆ ಶಿಲ್ಪಗಳ ಮುಂದೆ ತಲೆಯೆತ್ತಿ ನಿಂತು, ಇದು ನನ್ನ ನಾಡಿನ ಕೆಲಸವೆಂದು ಹೇಳುವ ಹಕ್ಕು ಅವನಿಗಿದೆ. ಬೇಲೂರಿನ ರಥೋತ್ಸವದಲ್ಲಿ ದೊಡ್ಡಮೇದೂರಿನ ಖಾಝಿಯವರು ಕುರ್‌ಆನ್ ಪಠಿಸುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. 2022ರಲ್ಲಿ ಆಕ್ಷೇಪಗಳೆದ್ದಾಗಲೂ ಅದು ನಡೆಯಿತು. ಇಂತಹ ನೆರೆಹೊರೆಯ ಪರಂಪರೆಯಿರುವ ಸೀಮೆಯಲ್ಲಿ ಸಾರ್ವಜನಿಕ ಜಾಗಗಳಿಂದ ನಾವೇ ಹಿಂಜರಿದರೆ, ನಮ್ಮನ್ನು ದೂರವಿಡಬಯಸುವವರ ಕೆಲಸ ಸುಲಭವಾಗುತ್ತದೆ. ಬೆಳಗಿನ ನಡಿಗೆಯಲ್ಲಿ ದಿನವೂ ಎದುರಾಗಿ ನಗುವ ಇಬ್ಬರನ್ನು ವಾಟ್ಸ್‌ಆ್ಯಪ್‌ನ ಒಂದು ಸುಳ್ಳು ಸುದ್ದಿ ಅಷ್ಟು ಸುಲಭವಾಗಿ ಬೇರ್ಪಡಿಸಲಾರದು.

ದ್ವಾರಸಮುದ್ರದ ಕೆರೆ ಬರಗಾಲದಲ್ಲಿ ಬತ್ತಿದಾಗ, ಅದಕ್ಕೆ ಯಗಚಿಯ ನೀರು ಹರಿಸುವ ರಣಘಟ್ಟ ಯೋಜನೆಗಾಗಿ ಹಳೇಬೀಡು ಭಾಗದ ರೈತರು, ಮಠಾಧೀಶರು ಬೀದಿಗಿಳಿದರು. ಕೆರೆಯನ್ನು ದಿನವೂ ಕಂಡವರಿಗೆ ಅದರ ಬಾಯಾರಿಕೆ ಅರ್ಥವಾಗುತ್ತದೆ. ಅದರ ದಂಡೆಯಲ್ಲಿ ಎಂದೂ ನಡೆಯದವರು ಅದಕ್ಕಾಗಿ ದನಿಯೆತ್ತುವುದಾದರೂ ಹೇಗೆ? ಊರಿನ ಜಾಗಗಳನ್ನು ಬಳಸುವುದೆಂದರೆ ಊರಿನ ಹೊಣೆಯಲ್ಲಿ ಪಾಲು ಪಡೆಯುವುದು.

ಇನ್ನು ಆಡಳಿತದ ಹೊಣೆ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯು ಇಂತಹ ಜಾಗಗಳ ಪಟ್ಟಿಯನ್ನು ತಯಾರಿಸಬೇಕೆಂದೂ, ಅವನ್ನು ಅನ್ಯ ಉದ್ದೇಶಕ್ಕೆ ಬಳಸಬಾರದೆಂದೂ ಹೇಳುತ್ತದೆ. ನಮ್ಮ ಊರಿನ ಆ ಪಟ್ಟಿಯಲ್ಲಿ ಎಷ್ಟು ಜಾಗಗಳಿವೆ, ಅವುಗಳಲ್ಲಿ ನಮ್ಮ ಮೊಹಲ್ಲಾಗಳಿಗೆ ನಡೆದು ಹೋಗಬಹುದಾದ ದೂರದಲ್ಲಿರುವುದು ಎಷ್ಟು ಎಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ನಮ್ಮ ಮಕ್ಕಳು ಕಲಿಯುವ ಉರ್ದು ಶಾಲೆಗೆ ಅದು ಇದೆಯೇ? ಸಮುದಾಯವೇ ನಡೆಸುವ ಖಾಸಗಿ ಶಾಲೆಗಳಿಗೆ ಇದೆಯೇ? ಇದ್ದ ಅಂಗಳದಲ್ಲೇ ಹೊಸ ಕಟ್ಟಡ ಎಬ್ಬಿಸಿ ದಾಖಲಾತಿ ಹೆಚ್ಚಿಸಿದ ನಮ್ಮ ಸಂಸ್ಥೆಗಳು ಈ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಚುನಾವಣೆಯ ಸಮಯದಲ್ಲಿ ಮೊಹಲ್ಲಾಕ್ಕೆ ಬರುವ ಅಭ್ಯರ್ಥಿಗಳಲ್ಲಿ ನಾವು ಶಾದಿ ಮಹಲ್ ಕೇಳುತ್ತೇವೆ, ಕಬರಸ್ಥಾನದ ಕಾಂಪೌಂಡ್ ಕೇಳುತ್ತೇವೆ. ಮದುವೆಗೂ ಮರಣಕ್ಕೂ ಬೇಕಾದುದನ್ನು ಕೇಳಿ, ಇವೆರಡರ ನಡುವಿನ ಬದುಕಿಗೆ ಬೇಕಾದುದನ್ನು ಮರೆಯುತ್ತೇವೆ. ದೀಪಗಳಿರುವ ಒಂದು ಕಾಲುದಾರಿ, ಸ್ವಚ್ಛವಾದ ಒಂದು ಶೌಚಾಲಯ, ಕುಳಿತುಕೊಳ್ಳಲು ನಾಲ್ಕು ಬೆಂಚು. ಸ್ತ್ರೀಯರು ಹೊರಗೆ ಬರಲು ಇಷ್ಟಾದರೂ ಇರಬೇಕು. ಇದೇನೂ ದುಬಾರಿ ಬೇಡಿಕೆಯಲ್ಲ.

ಕೊನೆಯದಾಗಿ, ನಾಳೆಯೇ ಮಾಡಬಹುದಾದ ಕೆಲವು ಕೆಲಸಗಳಿವೆ. ಫಜ್ರ್ ಬಳಿಕ ನಡೆಯಲು ಹೋಗುವ ಪತಿ ಮನೆಗೆ ಬಂದು ಪತ್ನಿಯನ್ನೂ ಜೊತೆಗೆ ಕರೆದೊಯ್ಯಲಿ. ಮೊದಲ ವಾರ ಜನ ನೋಡುತ್ತಾರೆ, ಎರಡನೇ ವಾರ ಅಭ್ಯಾಸವಾಗುತ್ತದೆ, ಮೂರನೇ ವಾರ ಪಕ್ಕದ ಮನೆಯವರೂ ಹೊರಡುತ್ತಾರೆ. ಮೊಹಲ್ಲಾದ ಹತ್ತು ಸ್ತ್ರೀಯರು ಒಂದು ಗುಂಪಾಗಿ ಹೊರಟರೆ ಒಬ್ಬಂಟಿಯ ಅಂಜಿಕೆಯೂ ಉಳಿಯದು. ತಿಂಗಳಿಗೊಮ್ಮೆ ನಾಲ್ಕು ಕುಟುಂಬಗಳು ಸೇರಿ ಹಳೇಬೀಡಿಗೋ ಯಗಚಿಗೋ ಹೋಗಿಬರಲಿ. ಗುಡ್ಡ ಹತ್ತುವವರು ಹಗಲಲ್ಲೇ ಹತ್ತಿ ಇಳಿಯಲಿ, ಈ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಯಾತ್ರಾಸ್ಥಳವಾದರೆ ಅಲ್ಲಿನ ಮರ್ಯಾದೆ ಪಾಲಿಸಲಿ. ಎಲ್ಲಿಗೆ ಹೋದರೂ ತಿಂದ ಪೊಟ್ಟಣಗಳನ್ನು ಮರಳಿ ತರಲಿ. ಜಮಾಅತ್ ಕಮಿಟಿಗಳು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈದ್ಗಾಹ್‌ನ ವಿಷಯ ಸೇರಿಸಲಿ. ಖತೀಬರು ಒಂದು ಜುಮುಆದ ಖುತ್ಬಾವನ್ನು ಶರೀರದ ಹಕ್ಕಿಗೆ ಮೀಸಲಿಡಲಿ.

ವೈದ್ಯರ ಮುಂದೆ ಕುಳಿತ ಆ ಗೃಹಿಣಿಯ ಪ್ರಶ್ನೆಗೆ ಉತ್ತರ ಔಷಧಿಯಂಗಡಿಯಲ್ಲಿ ಸಿಗುವುದಿಲ್ಲ. ಈದ್ಗಾಹ್‌ನ ಗೇಟಿನ ಕೀಲಿ ನಮ್ಮ ಕಮಿಟಿಯ ಅಲ್ಮೇರಾದಲ್ಲಿದೆ, ಮನೆಯ ಬಾಗಿಲಿನ ಕೀಲಿ ನಮ್ಮದೇ ಕಿಸೆಯಲ್ಲಿದೆ. ಇವೆರಡನ್ನೂ ನಾವು ತೆರೆದ ಬಳಿಕ ನಗರಸಭೆಯ ಬಾಗಿಲು ತಟ್ಟಿದರೆ, ಆಗ ನಮ್ಮ ತಟ್ಟುವಿಕೆಗೆ ಸದ್ದು ಇರುತ್ತದೆ.